ಬಂಗ್ಡೆಯ ತೂಕ

ಆಗಸ್ಟ್ ಆರನೇ ತಾರೀಕು ನಮ್ಮ ಮನೆಯ ಬೆಕ್ಕು ಮೀನು ಬೇಡ ಎಂದಿತು. ಬೀಜಾಡಿಯಲ್ಲಿ ಬೆಳೆದು, ಹತ್ತು ವರ್ಷ ಮೀನಿನ ಮನೆಯಲ್ಲೇ ಬಿದ್ದುಕೊಂಡಿದ್ದ ಬೆಕ್ಕು. ಮಳೆಗಾಲದ ಎರಡು ತಿಂಗಳ ಬೋಟು ಬಂದ್ ಮುಗಿದು, ಹೊಸ ಸೀಜನ್ನಿನ ಮೀನು ಬಂದು, ನಾನು ಆರಿಸಿ ತಂದ ತಾಜಾ ಭೂತಾಯಿ ಮೀನನ್ನು ಅದರ ಮುಂದೆ ಇಟ್ಟರೆ ಮೂಸಿ ನೋಡಿ ಮುಖ ತಿರುಗಿಸಿತು. ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಯಾವುದಕ್ಕೂ ಮೊದಲು ಬರುವುದು ಸಿಟ್ಟೇ.

"ಎಂತ, ಭಟ್ರ್ ಆದ್ಯಾ ನೀನ್?" ಎಂದು ಕೇಳಿದೆ. ಅದು ಎದ್ದು ಹೋಗಿ ನೀರಿನ ಚಟ್ಟಿಯ ಹತ್ತಿರ ಕುಳಿತಿತು.

ಅದರ ಹೆಸರು ಬಂಗ್ಡೆ. ಬೆನ್ನಿನ ಮೇಲೆ ಬಂಗುಡೆ ಮೀನಿಗೆ ಇರುವಂಥದೇ ಕಪ್ಪು ಗೀರುಗಳು ಇದ್ದದ್ದಕ್ಕೆ ನನ್ನ ಗಂಡ ಇಟ್ಟ ಹೆಸರು. ಅವರು ಗೋವರ್ಧನ, ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ಕೆಲಸ. ಒಮ್ಮೆ ಹೋದರೆ ಹತ್ತು ದಿನ ಕಡಲಿನಲ್ಲೇ. ಹೊರಡುವಾಗ ನನಗೆ "ಬತ್ತೆ" ಎಂದು ಒಂದೇ ಮಾತು ಹೇಳುವ ಮನುಷ್ಯ ಬೆಕ್ಕಿನ ಹತ್ತಿರ ಮಾತ್ರ ಕುಕ್ಕರುಗಾಲಿನಲ್ಲಿ ಕೂತು ಐದು ನಿಮಿಷ ಮಾತಾಡುತ್ತಾರೆ. ಮನೆಯಲ್ಲಿದ್ದರೆ ಮಧ್ಯಾಹ್ನ ಅದು ಅವರ ಹೊಟ್ಟೆಯ ಮೇಲೆ ಮಲಗಬೇಕು, ಅವರು ಅಲುಗಾಡಬಾರದು, ನಾನು ಪಾತ್ರೆ ಸದ್ದು ಮಾಡಬಾರದು. ಹೊಟ್ಟೆಕಿಚ್ಚು ಪಟ್ಟುಕೊಂಡೇ ನಾನು ಅದನ್ನು ಸಾಕಿದ್ದು. ಆದರೆ ವರ್ಷದ ಮುಕ್ಕಾಲು ಪಾಲು ಅದು ನನ್ನ ಜೊತೆಯೇ ಇದ್ದದ್ದು, ಅದಕ್ಕೆ ಹಾಕಿದ್ದು ಬಳಿದದ್ದು ಎಲ್ಲ ನಾನೇ.

ನಮ್ಮ ಕಡೆ ಒಂದು ಲೆಕ್ಕಾಚಾರ ಇದೆ. ಜೂನ್ ಒಂದಕ್ಕೆ ಬೋಟು ನಿಂತರೆ ಕೇರಿಯ ಬೆಕ್ಕುಗಳೆಲ್ಲ ಬಡಕಲಾಗುತ್ತವೆ. ನಾಡದೋಣಿಯವರು ತರುವ ಸ್ವಲ್ಪ ಮೀನು ಮನುಷ್ಯರಿಗೇ ಸಾಲುವುದಿಲ್ಲ, ಬೆಕ್ಕಿಗೆ ಎಲ್ಲಿಂದ? ಒಣಮೀನಿನ ತಲೆ, ಗಂಜಿ, ಅಷ್ಟೇ. ಆಗಸ್ಟಿನಲ್ಲಿ ಬೋಟು ಹೊರಟರೆ ಹದಿನೈದೇ ದಿನದಲ್ಲಿ ಮತ್ತೆ ಗುಂಡಗಾಗುತ್ತವೆ. ಅದಕ್ಕೇ ಈ ಮಳೆಗಾಲದಲ್ಲಿ ಬಂಗ್ಡೆಯ ಬೆನ್ನುಮೂಳೆ ಕೈಗೆ ಸಿಗತೊಡಗಿದಾಗ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ, ಮನೆಯವರೂ ಕೆಡಿಸಿಕೊಳ್ಳಲಿಲ್ಲ. ಸಿಕ್ಕಾಪಟ್ಟೆ ನೀರು ಕುಡಿಯುತ್ತಿತ್ತು. ಉಪ್ಪಿನ ಮೀನು ತಿಂದರೆ ಬಾಯಾರುವುದಿಲ್ಲವೇ? ನೀರು ಚೆನ್ನಾಗಿ ಕುಡಿಯುತ್ತದೆ, ಬೆಕ್ಕು ಗಟ್ಟಿ ಇದೆ ಎಂದು ನಾನು ಪಕ್ಕದ ಮನೆಯವರ ಹತ್ತಿರ ಹೊಗಳಿಯೂ ಆಗಿತ್ತು.

ಮರುದಿನವೂ ಅದು ತಿನ್ನಲಿಲ್ಲ. ಹಳದಿ ನೊರೆ ಕಾರಿತು. ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದೆ. ಎಳನೀರು ಕುಡಿಸಲು ಹೋದರೆ ಬಾಯಿ ಬಿಡಲಿಲ್ಲ. ಚಟ್ಟಿಯ ಮೇಲೆ ತಲೆ ಬಾಗಿಸಿ ಕೂತಿತ್ತು, ಆದರೆ ಕುಡಿಯುತ್ತಿರಲಿಲ್ಲ. ಮೂಗಿನ ತುದಿ ನೀರಿಗೆ ತಾಗುತ್ತಿತ್ತು, ಅಷ್ಟೇ. ಅದನ್ನು ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಓಡಿಹೋಗಿ ನಿಖಿತಾಳನ್ನು ಕರೆದುಕೊಂಡು ಬಂದೆ.

ನಿಖಿತಾ ನಾಲ್ಕು ಮನೆ ಆಚೆಯ ಹುಡುಗಿ. ಪಂಚಾಯ್ತಿಯಿಂದ ಪಶುಸಖಿ ಆಗಿದ್ದಾಳೆ. ದನಗಳ ಕಿವಿಗೆ ನಂಬರಿನ ಓಲೆ ಹಾಕಿಸುವುದು, ನಾಯಿ ಬೆಕ್ಕುಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ದಿನ ಜನರನ್ನು ಸೇರಿಸುವುದು, ಇಂಥ ಕೆಲಸ. ಅವಳು ಬಂಗ್ಡೆಯ ಕುತ್ತಿಗೆಯ ಚರ್ಮವನ್ನು ಎಳೆದು ಬಿಟ್ಟಳು. ಎಳೆದದ್ದು ಹಾಗೇ ನಿಂತಿತು, ಕೆಳಗೆ ಇಳಿಯಲಿಲ್ಲ. ಬಾಯಿ ಮೂಸಿ ನೋಡಿದಳು.

"ಗಿರಿಜಕ್ಕ, ಇದ್ ನನ್ ಕೈಯಗೆ ಆಪು ಕೆಲ್ಸ ಅಲ್ಲ. ರಕ್ತ ಪರೀಕ್ಷೆ ಮಾಡ್ಕ್. ಬ್ರಹ್ಮಾವರದಗೆ ಅಮಿತಾ ಡಾಕ್ಟ್ರ್ ಇದ್ರ್, ನಾ ಫೋನ್ ಮಾಡ್ತೆ. ಈಗ್ಲೇ ಹೊರಡಿ."

"ನಾಳೆ ಹೋಪ್ದಾ? ಇವತ್ ಮೀನ್ ತಂದಾಯ್ತ್..."

"ನಾಳೆ ಅಂದ್ರೆ ತಡ ಆತ್ತ್" ಎಂದಳು. ಅಷ್ಟೇ. ಏಪ್ರಿಲಿನಲ್ಲಿ ತಾನು ಬಂದು ಹೇಳಿದ್ದನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು, ನನಗೆ ಅವಳ ಮೇಲಾದರೂ ರೇಗಬಹುದಿತ್ತು.

ಮೀನಿನ ಬುಟ್ಟಿ ತೊಳೆದು, ಹಳೆ ಲುಂಗಿ ಹಾಸಿ, ಬಂಗ್ಡೆಯನ್ನು ಮಲಗಿಸಿ, ಮೇಲೆ ಇನ್ನೊಂದು ಬಟ್ಟೆ ಮುಚ್ಚಿ ಕೋಟೇಶ್ವರದಲ್ಲಿ ಬಸ್ಸು ಹತ್ತಿದೆ. ಮೊದಲೆಲ್ಲ ಬುಟ್ಟಿಯೊಳಗೆ ಹಾಕಿದರೆ ಕೈಯೆಲ್ಲ ಪರಚಿ ಹಾಕುವ ಬೆಕ್ಕು ಒಂದು ಉಗುರೂ ತೆಗೆಯಲಿಲ್ಲ.

"ಹ್ವಾಯ್, ಮೀನ್ ಬುಟ್ಟಿ ಸೀಟಿನ್ ಮೇಲೆ ಇಡುಕಿಲ್ಲೆ. ಹಿಂದ್ ಹಾಕಿ" ಎಂದ ಕಂಡಕ್ಟರು.

"ಮೀನಲ್ಲ."

"ಮತ್ತೆಂತ? ವಾಸ್ನೆ ಬತ್ತಿತ್ತಲೆ."

ಬಟ್ಟೆ ಸರಿಸಿ ತೋರಿಸಿದೆ. ಹಿಂದಿನ ಸೀಟಿನವರು ಕತ್ತು ಉದ್ದ ಮಾಡಿ ನೋಡಿ ನಕ್ಕರು. ಕಂಡಕ್ಟರೂ ನಕ್ಕ. "ಮೀನ್ ಮಾರುವರ್ ಬೆಕ್ಕ್ ಮಾರುಕೆ ಹೊರ್ಟ್ರಾ?" ಎಂದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಅವತ್ತು ನನ್ನ ಬಾಯಿಂದ ಬಂದದ್ದು ಬರೀ ಅಳು. ಅವನು ಹೆದರಿ, "ಆಯ್ತ್ ಅಮ್ಮ, ಮಡಿಲಗೇ ಇಟ್ಕಣಿ, ಮಡಿಲಗೇ ಇಟ್ಕಣಿ" ಎಂದು ಮುಂದೆ ಹೋದ.

ಅಮಿತಾ ಡಾಕ್ಟರು ಚಿಕ್ಕ ಪ್ರಾಯದವರು, ಮೆಲುದನಿ. ಮೊದಲು ಬೆಕ್ಕನ್ನು ತಕ್ಕಡಿಯ ಮೇಲೆ ಇಟ್ಟರು. ಎರಡು ಕಿಲೋ ಮುನ್ನೂರು ಗ್ರಾಂ. ಆಮೇಲೆ ಬಾಯಿ ಬಿಡಿಸಿ ಹಲ್ಲು ವಸಡು ನೋಡಿದರು. ಹೊಟ್ಟೆ ಒತ್ತಿದರು. ಮುಂಗಾಲಿನ ಒಂದು ಕಡೆ ಕೂದಲು ಬೋಳಿಸಿ ರಕ್ತ ತೆಗೆದರು.

"ಮೊದಲು ಎಷ್ಟು ತೂಕ ಇತ್ತು ಅಮ್ಮ?"

ಮೂವತ್ತು ವರ್ಷದಿಂದ ಮೀನು ಮಾರುವವಳು ನಾನು. ಹಾಲಾಡಿಯ ಗಿರಾಕಿಗಳನ್ನು ಕೇಳಿ ನೋಡಿ. ತಕ್ಕಡಿ ಇಲ್ಲದೆ ಕೈಯಲ್ಲಿ ಎತ್ತಿ ಹೇಳಿದರೆ ಐವತ್ತು ಗ್ರಾಂ ಆಚೀಚೆ ಆಗುವುದಿಲ್ಲ. ನನ್ನ ತಕ್ಕಡಿಯ ಮೇಲೆ ಸಾವಿರ ಅಂಜಲ್ ಮೀನು ಇಟ್ಟಿದ್ದೇನೆ, ಒಂದು ದಿನವಾದರೂ ಮನೆಯ ಬೆಕ್ಕನ್ನು ಇಟ್ಟವಳಲ್ಲ.

"ಹಿಂದೆ ಯಾವಾಗಲಾದರೂ ಡಾಕ್ಟರ ಹತ್ತಿರ ತೋರಿಸಿದ್ದೀರಾ?"

"ಇಲ್ಲೆ. ಕಾಯ್ಲೆ ಅಂದೇಳಿ ಒಂದೂ ಬಂದದ್ದೇ ಇಲ್ಲೆ."

ರಕ್ತದ ವರದಿ ಬರಲು ಅರ್ಧ ಗಂಟೆ ಹಿಡಿಯಿತು. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದರು. ಎರಡೂ ಕಿಡ್ನಿ ಕೆಟ್ಟಿವೆ. ಇದು ಮೊನ್ನೆ ನಿನ್ನೆ ಶುರುವಾದದ್ದಲ್ಲ. ಬೆಕ್ಕಿನ ಕಿಡ್ನಿ ಮುಕ್ಕಾಲು ಭಾಗ ಹೋಗುವ ತನಕ ಅದು ತಿನ್ನುತ್ತದೆ, ಓಡಾಡುತ್ತದೆ, ಮನೆಯವರಿಗೆ ಏನೂ ತೋರಿಸಿಕೊಡುವುದಿಲ್ಲ. ತೂಕ ನಿಧಾನವಾಗಿ ಇಳಿಯುತ್ತದೆ, ನೀರು ಹೆಚ್ಚು ಕುಡಿಯುತ್ತದೆ, ಅಷ್ಟೇ.

"ನೀರ್ ಕುಡಿದ್ರೆ ಒಳ್ಳೇದಲ್ದಾ?" ಎಂದೆ.

"ಒಳಗೆ ನೀರು ನಿಲ್ಲದೆ ಇದ್ದದ್ದಕ್ಕೆ ಕುಡಿದದ್ದು ಅಮ್ಮ."

ನಾನು ಹೊಗಳಿದ್ದು ಅದರ ಕಾಯಿಲೆಯನ್ನು. ಸಾಯುವ ಬಾಯಾರಿಕೆಯನ್ನು ನೋಡಿ ಆರೋಗ್ಯ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದವಳು ನಾನು.

"ಸೊರಗಲು ಶುರುವಾದದ್ದು ಯಾವಾಗ, ನೆನಪು ಮಾಡಿ ಹೇಳಿ."

"ಬೋಟ್ ಬಂದ್ ಆದ್ ಮೇಲೆ. ಜೂನಂಗೆ" ಎಂದೆ.

ಅದು ಸುಳ್ಳು. ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಏಪ್ರಿಲಿನಲ್ಲಿ ಪಂಚಾಯ್ತಿ ಕಟ್ಟಡದಲ್ಲಿ ಚುಚ್ಚುಮದ್ದಿನ ದಿನ ಇತ್ತು. ಹಿಂದಿನ ದಿನ ನಿಖಿತಾ ಬಂದು, "ಬಂಗ್ಡೆಗೆ ಹತ್ತ್ ವರ್ಷ ಆಯ್ತಲೆ ಗಿರಿಜಕ್ಕ, ಡಾಕ್ಟ್ರ್ ಬತ್ರ್, ಒಂದ್ಸಲ ತೂಕ, ಹಲ್ಲ್ ಎಲ್ಲ ತೋರ್ಸಿ. ವಯಸ್ಸಾದ್ ಬೆಕ್ಕಿಗೆ ವರ್ಷಕ್ ಎರಡ್ ಸಲ ಕಾಣ್ಕ್" ಎಂದಿದ್ದಳು. "ಅದ್ಕೆ ಎಂತ ಆಯ್ತ್? ಹುಷಾರಿಪ್ಪು ಬೆಕ್ಕಿಗೆ ಡಾಕ್ಟ್ರಾ?" ಎಂದು ನಾನು ನಕ್ಕಿದ್ದೆ. "ಹುಷಾರಿಪ್ಪತಿಗೇ ತೋರ್ಸುದ್ ಅಕ್ಕ. ಬೆಕ್ಕ್ ನೋವ್ ಹೇಳುದಿಲ್ಲೆ" ಎಂದಳು. ಮನೆಯವರೂ ಅವತ್ತು ಸಂಜೆ ಕಡಲಿಗೆ ಹೊರಡುವ ಮೊದಲು "ಕರ್ಕಂಡ್ ಹೋಗ್" ಎಂದು ಹೇಳಿ ಹೋಗಿದ್ದರು. ಬೆಳಿಗ್ಗೆ ಬುಟ್ಟಿಗೆ ಹಾಕೋಣ ಎಂದು ಎತ್ತಿದೆ. ಎತ್ತಿದ ಕೂಡಲೇ ನನ್ನ ಕೈ ಹೇಳಿತು. ನಾಲ್ಕೂವರೆ ಕಿಲೋ ಇದ್ದ ಬೆಕ್ಕು ಮೂರೂವರೆ ಇದೆ ಎಂದು. ಇನ್ನೂ ಬೋಟು ನಿಂತಿರಲಿಲ್ಲ. ಮನೆ ತುಂಬ ಮೀನು ಇತ್ತು, ಬೆಕ್ಕಿಗೆ ಸೊರಗಲು ಯಾವ ಕಾರಣವೂ ಇರಲಿಲ್ಲ. ಆದರೆ ಅಂಗಳದಲ್ಲಿ ಎರಡು ಚಾಪೆ ಮೀನು ಒಣಗಲು ಹಾಕಿದ್ದೆ, ಕಾಗೆ ಕಾಯಬೇಕಿತ್ತು. ಬೆಕ್ಕನ್ನು ಹೊತ್ತುಕೊಂಡು ಪಂಚಾಯ್ತಿಗೆ ಹೋದರೆ ಹೆಂಗಸರು ನಗುತ್ತಾರೆ ಎಂದೂ ಅನ್ನಿಸಿತು. ಬಂಗ್ಡೆ ಒಮ್ಮೆ ಪರಚಿತು, ನಾನು ಬಿಟ್ಟುಬಿಟ್ಟೆ. ಮನೆಯವರು ಬಂದು ಕೇಳಿದಾಗ "ತೋರ್ಸಿ ಆಯ್ತ್, ಹುಷಾರಿತ್ತಂಬ್ರ್" ಎಂದೆ.

ಆ ಸುಳ್ಳಿನ ಮೇಲೆ ಈಗ ಇನ್ನೊಂದು.

"ಮೂರು ನಾಲ್ಕು ದಿನ ಡ್ರಿಪ್ ಹಾಕಿ ನೋಡೋಣ" ಎಂದರು ಡಾಕ್ಟರು. "ಕಿಡ್ನಿಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ರಕ್ತದ ವರದಿಯ ಅಂಕಿ ಇಳಿಯುತ್ತದೆ. ಇಳಿಯದಿದ್ದರೆ..." ಎಂದು ನಿಲ್ಲಿಸಿದರು.

"ಇವ್ರ್ ಹನ್ನೊಂದ್ನೇ ತಾರೀಕಿಗೆ ಬತ್ರ್. ಅಷ್ಟರ್ ತನ್ಕ ಉಳ್ಸಿ ಕೊಡಿ ಡಾಕ್ಟ್ರೆ" ಎಂದೆ. ಗುಣ ಮಾಡಿ ಎಂದು ಕೇಳುವ ಧೈರ್ಯವೇ ಬರಲಿಲ್ಲ. ಅದನ್ನು ಕೇಳಲು ನನಗೆ ಯಾವ ಮುಖ ಇತ್ತು?

ಅವತ್ತಿನಿಂದ ಮೀನು ಮಾರಾಟ ಬಿಟ್ಟೆ. ಬೆಳಿಗ್ಗೆ ಏಳಕ್ಕೆ ಬುಟ್ಟಿ ಹಿಡಿದು ಬಸ್ಸು, ದಿನವಿಡೀ ಡ್ರಿಪ್ಪಿನ ಪಕ್ಕ, ಸಂಜೆ ಬಸ್ಸು. ಬಸ್ಸು ಕುಂಭಾಶಿ ದಾಟುವಾಗ ಎಲ್ಲರೂ ಆನೆಗುಡ್ಡೆ ಗಣಪತಿಗೆ ಕೈ ಮುಗಿಯುತ್ತಾರೆ. ನಾನು ಮೊದಲ ದಿನ ಹರಕೆ ಹೇಳಿದೆ. ಎರಡನೇ ದಿನ ಬೇಡಿದೆ. ಮೂರನೇ ದಿನ, "ತಪ್ಪ್ ಮಾಡಿದ್ದ್ ನಾನ್, ಅದ್ಕೆ ಎಂತಕ್ಕೆ ಶಿಕ್ಷೆ ಕೊಡುದ್?" ಎಂದು ಜಗಳವೇ ಆಡಿದೆ. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಆಚೆ ಸರಿದಳು.

ಬೋಟಿನ ಯಜಮಾನರಿಗೆ ಫೋನು ಮಾಡಿದೆ. ಕಡಲಿನಲ್ಲಿ ಮೊಬೈಲು ಸಿಗುವುದಿಲ್ಲ, ವಯರ್‌ಲೆಸ್ಸಿನಲ್ಲಿ ಬೋಟಿಂದ ಬೋಟಿಗೆ ಹೇಳಿಸಬೇಕು.

"ಯಾರಿಗ್ ಹುಷಾರಿಲ್ಲೆ? ನಿಂಗಾ?"

"ಬೆಕ್ಕಿಗೆ."

"ಗಿರಿಜಾ, ಸೀಸನ್ನಿನ್ ಮೊದಲ್ನೇ ಟ್ರಿಪ್ಪ್. ಬೆಕ್ಕಿಗೆ ಅಂದೇಳಿ ಬೋಟ್ ತಿರ್ಗ್‌ಸುಕ್ ಆತ್ತಾ ಹೇಳ್?"

"ತಿರ್ಗ್‌ಸುದ್ ಬ್ಯಾಡ. ಅವ್ರಿಗೆ ಗೊತ್ತಾಯ್ಲಿ ಅಷ್ಟೇ" ಎಂದೆ. ಹೇಳಿಸುತ್ತೇನೆ ಎಂದರು. ಹೇಳಿಸಿದರೋ ಇಲ್ಲವೋ ತಿಳಿಯಲಿಲ್ಲ.

ಮೂರನೇ ದಿನ ಬಂಗ್ಡೆ ತಲೆ ಎತ್ತಿ ನನ್ನ ಹೆಬ್ಬೆರಳನ್ನು ಒಮ್ಮೆ ನೆಕ್ಕಿತು. ನಾನು ಕುಣಿದು ಕುಪ್ಪಳಿಸುವಷ್ಟು ಸಂತೋಷಪಟ್ಟು ಡಾಕ್ಟರನ್ನು ಕೂಗಿದೆ. ಅವರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದು ನೋಡಿ, "ಒಳ್ಳೆಯದು" ಎಂದರು. ಅವರ ಮುಖ ನೋಡಿದರೆ ಒಳ್ಳೆಯದು ಎಂದು ಕಾಣಲಿಲ್ಲ. ಸಂಜೆ ಅದು ಮತ್ತೆ ಕಾರಿತು. ಈ ಸಲ ನೊರೆಯಲ್ಲಿ ರಕ್ತ ಇತ್ತು.

ಹನ್ನೊಂದನೇ ತಾರೀಕು ಬೆಳಿಗ್ಗೆ ಮತ್ತೆ ರಕ್ತ ತೆಗೆದರು. ವರದಿಯ ಅಂಕಿ ಇಳಿದಿರಲಿಲ್ಲ, ಏರಿತ್ತು.

"ಇನ್ನು ಡ್ರಿಪ್ ಹಾಕಿದರೆ ಅದಕ್ಕೆ ಹಿಂಸೆ ಅಮ್ಮ" ಎಂದರು ಅಮಿತಾ ಡಾಕ್ಟರು. "ನೋವಿಲ್ಲದ ಹಾಗೆ ಕಳಿಸಿಕೊಡಬಹುದು. ಮೊದಲು ನಿದ್ದೆ ಬರಿಸುತ್ತೇವೆ. ನೀವು ಯೋಚನೆ ಮಾಡಿ ಹೇಳಿ."

ಹನ್ನೊಂದೂವರೆ ಹೊತ್ತಿಗೆ ಇವರ ಫೋನು ಬಂತು. ಬೋಟು ದಡದ ಹತ್ತಿರ ಬಂದು ಸಿಗ್ನಲ್ ಸಿಕ್ಕಿತ್ತು.

"ಅಂವ ಇದ್ನಾ?" ಎಂದರು. ಬಂಗ್ಡೆಯನ್ನು ಇವರು ಕರೆಯುವುದೇ ಅಂವ ಎಂದು. ಹಾಗಾದರೆ ಸುದ್ದಿ ಮುಟ್ಟಿತ್ತು.

"ಇನ್ನೂ ಇದ್ದ" ಎಂದೆ. "ಹ್ವಾಯ್, ಬ್ರಹ್ಮಾವರಕ್ಕೆ ಬ್ಯಾಗ ಬನ್ನಿ."

ಗಂಗೊಳ್ಳಿಯಲ್ಲಿ ಮೀನು ಇಳಿಸುವುದನ್ನು ಉಳಿದವರಿಗೆ ಬಿಟ್ಟು ಎರಡು ಬಸ್ಸು ಬದಲಿಸಿ ಬಂದರು. ಮೈಮೇಲೆ ಡೀಸೆಲ್ ವಾಸನೆ, ಹತ್ತು ದಿನದ ಗಡ್ಡ, ಕಾಲಿಗೆ ಗಮ್‌ಬೂಟು. ಟೇಬಲ್ಲಿನ ಮೇಲೆ ಬಟ್ಟೆಯ ಮುದ್ದೆಯಂತೆ ಬಿದ್ದಿದ್ದ ಬಂಗ್ಡೆಯನ್ನು ಕಂಡು ಬಾಗಿಲಲ್ಲೇ ನಿಂತರು. ಆಮೇಲೆ ಬಂದು ಎತ್ತಿ ಎದೆಗೆ ಒತ್ತಿಕೊಂಡರು. ಬೆಕ್ಕು ಕಣ್ಣು ಬಿಟ್ಟಿತು, ಕೂಗಲಿಲ್ಲ.

ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು. ಅವರು ತಲೆ ತಗ್ಗಿಸಿ ಕೇಳಿದರು.

"ತಪ್ಪ್ ನಂದ್" ಎಂದರು ಕೊನೆಗೆ. "ಬಂದ್ ಟೈಮಗೆ ಎರಡ್ ತಿಂಗ್ಳ್ ಮನೆಯಗೇ ಇದ್ದೆ. ಒಣ್ ಮೀನ್ ಹಾಕಿದ್ ನಾನ್. ಅಂವ ಕೇಳ್ದಷ್ಟೂ ಹಾಕ್ದೆ. ಉಪ್ಪ್ ತಿನ್ಸಿ ತಿನ್ಸಿ ನಾನೇ ಕೊಂದೆ."

"ಉಪ್ಪು ಮೀನು ಒಳ್ಳೆಯದಲ್ಲ, ಆದರೆ ಅದೊಂದೇ ಕಾರಣ ಅಂತ ಹೇಳಲು ಬರುವುದಿಲ್ಲ" ಎಂದರು ಡಾಕ್ಟರು.

"ಅಲ್ಲ ಡಾಕ್ಟ್ರೆ. ಏಪ್ರಿಲಂಗೆ ಇವಳ್ ಕರ್ಕಂಡ್ ಹೋಗಿ ತೋರ್ಸಿದ್ಲ್. ಹುಷಾರಿತ್ತ್ ಅಂದಿರ್. ಹಾಂಗಾರೆ ಆಮೇಲೆ ಆದ್ದಲ್ದಾ? ಜೂನಂಗೆ, ನನ್ ಕೈಯಿಂದ."

ಡಾಕ್ಟರು ನನ್ನ ಮುಖ ನೋಡಿದರು. ಯಾವತ್ತೂ ತೋರಿಸಿಲ್ಲ ಎಂದು ನಾನೇ ಅವರಿಗೆ ಹೇಳಿದ್ದೆ. ಅವರು ಬಾಯಿ ಬಿಡಲಿಲ್ಲ. ದೊಡ್ಡ ಮನಸ್ಸಿನವರು, ನನಗೆ ಬಿಟ್ಟರು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆ ಮನುಷ್ಯ ಬದುಕಿಡೀ ಒಣಮೀನು ಕಂಡಾಗಲೆಲ್ಲ ತನ್ನ ಕೈಯನ್ನೇ ಶಪಿಸಿಕೊಂಡು ಇರುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತಿದ್ದೆ. ಒಂದು ಗಳಿಗೆ ಹಾಗೇ ಆಗಲಿ ಎಂದು ನನ್ನ ಮನಸ್ಸು ಆಸೆಪಟ್ಟಿತು. ಅದೂ ಸತ್ಯವೇ.

"ನಾ ಕರ್ಕಂಡ್ ಹೋಯ್ಲಿಲ್ಲೆ" ಎಂದೆ.

ಅವರು ತಿರುಗಿದರು.

"ಏಪ್ರಿಲಂಗೆ ನಾ ಹೋಯ್ಲೇ ಇಲ್ಲೆ. ನಿಮ್ಗೆ ಸುಳ್ಳ್ ಹೇಳಿದ್ದ್. ಅವತ್ತೇ ಒಂದ್ ಕಿಲೋ ಇಳ್ದಿತ್ತ್. ಎತ್ತಿದ್ ಕೂಡ್ಲೆ ನಂಗೆ ಗೊತ್ತಾಯ್ತ್. ಗೊತ್ತಾಗಿಯೂ ಕೆಳ್ಗೆ ಬಿಟ್ಟೆ. ಮೀನ್ ಒಣ್ಗುಕ್ ಹಾಕಿದ್ದೆ ಅಂದೇಳಿ. ಹೆಂಗ್ಸ್ರ್ ನೆಗಾಡ್ತ್ರ್ ಅಂದೇಳಿ."

ಬೈಯುತ್ತಾರೆ ಎಂದು ಕಾದೆ. ಬೈದರೆ ನನಗೂ ಬಾಯಿದೆ, ಹೇಗಾದರೂ ನಿಭಾಯಿಸುತ್ತಿದ್ದೆ. ಅವರು ಬೈಯಲಿಲ್ಲ. ಡಾಕ್ಟರ ಕಡೆ ತಿರುಗಿ, "ಏಪ್ರಿಲಂಗೆ ತಂದಿದ್ರೆ?" ಎಂದು ಕೇಳಿದರು.

ಅಮಿತಾ ಡಾಕ್ಟರಿಗೆ ಉತ್ತರ ಹೇಳಲು ಮನಸ್ಸಿರಲಿಲ್ಲ. ಇವರು ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದರು.

"ಪೂರ್ತಿ ಗುಣ ಆಗುತ್ತಿರಲಿಲ್ಲ" ಎಂದರು ಡಾಕ್ಟರು. "ಆಹಾರ ಬದಲಿಸಿ, ಔಷಧಿ ಕೊಟ್ಟು, ಆಗಾಗ ಪರೀಕ್ಷೆ ಮಾಡಿಕೊಂಡು ಇದ್ದಿದ್ದರೆ ಒಂದೆರಡು ವರ್ಷ ಚೆನ್ನಾಗಿ ಇರುತ್ತಿತ್ತೇನೋ."

"ಎರಡ್ ವರ್ಷ" ಎಂದರು ಇವರು.

ಹೊರಗೆ ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು. ಬಂಗ್ಡೆ ಬಾಯಿ ತೆರೆದು ಉಸಿರಾಡತೊಡಗಿತು, ಪ್ರತಿ ಉಸಿರಿಗೂ ಅದರ ಇಡೀ ಮೈ ಅಲ್ಲಾಡುತ್ತಿತ್ತು. ಇವರು ಡಾಕ್ಟರಿಗೆ, "ಆಯ್ತ್, ಕೊಡಿ" ಎಂದರು. ಎಂದವರು ಹತ್ತಿರ ಬಂದು ಬೆಕ್ಕನ್ನು ನನ್ನ ಮಡಿಲಿಗೆ ಹಾಕಿದರು.

"ನೀ ಹಿಡ್ಕ."

"ನಂಗೆ ಆಪ್ದಿಲ್ಲೆ. ಹ್ವಾಯ್, ನಿಮ್ ಕೈ ಮುಗಿತೆ, ನಂಗೆ ಆಪ್ದಿಲ್ಲೆ."

"ಹಿಡ್ಕ ಗಿರಿಜಾ" ಎಂದರು. ದನಿ ಏರಿಸಲಿಲ್ಲ. "ಅಂವ ಬೆಳ್ದದ್ದ್ ನಿನ್ ಹತ್ರ. ನಾ ಯಾವತ್ ಮನೆಯಗ್ ಇದ್ದವ?"

ಸಿಟ್ಟಿನಿಂದ ಹೇಳಿದರೋ, ಕನಿಕರದಿಂದ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಡಾಕ್ಟರು ನಿದ್ದೆಯ ಮದ್ದು ಕೊಟ್ಟರು, ಬಂಗ್ಡೆಯ ಬಾಯಿ ಮುಚ್ಚಿತು, ಮೈ ಹಗುರಾಗಿ ನನ್ನ ತೋಳಿಗೆ ಒರಗಿತು. ಎರಡನೆಯ ಸೂಜಿ ಚುಚ್ಚುವಾಗ ಇವರು ನನ್ನ ಮುಂದೆ ನೆಲದ ಮೇಲೆ ಕೂತು ಅದರ ತಲೆಯ ಮೇಲೆ ಅಂಗೈ ಇಟ್ಟಿದ್ದರು.

ಮುಗಿಯಿತು ಎಂದು ಡಾಕ್ಟರು ಹೇಳಿದರು. ನಾನು ಕೈ ಸಡಿಲಿಸಲಿಲ್ಲ. ಮುಂದಿನ ನಾಯಿಯವರು ಬಂದು ಬಾಗಿಲಲ್ಲಿ ನಿಂತರು, ಹೊರಗೆ ಹೋಗಿ ಕೂತರು. ಇವರು ನೆಲದಿಂದ ಏಳಲಿಲ್ಲ, ನನಗೆ ಬಿಡು ಎಂದೂ ಹೇಳಲಿಲ್ಲ.